ಹೊಸ ಊರಿನ ನಕ್ಷೆಯಲ್ಲಿ ಕಟ್ಟೆಗೂ ಒಂದು ಗೆರೆ ಎಳೆಯಿರಿ

ಕೃಷ್ಣಾ ಮೇಲ್ದಂಡೆ ಯೋಜನೆಯ ಪುನರ್ವಸತಿ ಅಧಿಕಾರಿಗಳಿಗೆ, ಬಾಗಲಕೋಟೆ ಜಿಲ್ಲೆಯ ಗ್ರಾಮ ಪಂಚಾಯಿತಿ ಅಧ್ಯಕ್ಷರು, ಸದಸ್ಯರು ಮತ್ತು ಪಿಡಿಒಗಳಿಗೆ, ಹಾಗೆಯೇ ಓಣಿಯ ಎಲ್ಲ ನೆರೆಹೊರೆಯವರಿಗೆ ಬಹಿರಂಗ ಪತ್ರ

ಮಾನ್ಯರೇ,

ಆಲಮಟ್ಟಿ ಜಲಾಶಯದ ನೀರು 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕಾದರೆ ಇನ್ನೂ 20 ಹಳ್ಳಿಗಳು, ಬಾಗಲಕೋಟೆಯ ಕೆಲವು ವಾರ್ಡುಗಳು ಜಾಗ ಬಿಡಬೇಕು. ಎಕರೆಗೆ ಪರಿಹಾರ ಎಷ್ಟು ಎಂಬ ಲೆಕ್ಕ ಪೇಪರಿನಲ್ಲಿ ಬರುತ್ತಲೇ ಇದೆ. ಹೊಸ ಊರಿನ ನಕ್ಷೆಯಲ್ಲಿ ಶಾಲೆ, ಅಂಗನವಾಡಿ, ಗುಡಿ, ಸಮುದಾಯ ಭವನ, ರುದ್ರಭೂಮಿ ಎಲ್ಲಕ್ಕೂ ಜಾಗ ಗುರುತಾಗುತ್ತದೆ. ಬೆಳಿಗ್ಗೆ ಏಳೂವರೆಗೆ ಎಪ್ಪತ್ತು ದಾಟಿದ ಮನುಷ್ಯ ಕೋಲು ಹಿಡಿದು ಹೊರಬಿದ್ದರೆ ಎಲ್ಲಿ ಹೋಗಿ ಕೂಡಬೇಕು ಎಂಬುದಕ್ಕೆ ಮಾತ್ರ ಗೆರೆ ಬೀಳುವುದಿಲ್ಲ. ಮನೆಗೂ ರುದ್ರಭೂಮಿಗೂ ನಡುವೆ ಅವರಿಗೆ ಇನ್ನೊಂದು ಜಾಗ ಬೇಕು: ಕೂಡಲು ಒಂದು ಕಟ್ಟೆ.

ಸಮುದಾಯ ಭವನ ಇದೆಯಲ್ಲ ಎನ್ನಬೇಡಿ. ಭವನಕ್ಕೆ ಬೀಗ ಇರುತ್ತದೆ. ಬೀಗದ ಕೈ ಒಬ್ಬರ ಕಿಸೆಯಲ್ಲಿರುತ್ತದೆ. ಆ ಒಬ್ಬರು ಮದುವೆಗೆಂದು ಜಮಖಂಡಿಗೆ ಹೋಗಿರುತ್ತಾರೆ. ಊರಿನಲ್ಲಿ ಉಳಿದ ಮೂಲೆಯ ಜಾಗಕ್ಕೆ ಭವನ ಕಟ್ಟುವ ರೂಢಿಯಿಂದ ಅಲ್ಲಿಗೆ ನಡೆದು ಹೋಗುವುದೇ ಒಂದು ಪ್ರಯಾಣ. ಕಟ್ಟೆಗೆ ಬಾಗಿಲಿಲ್ಲ, ಬೀಗವಿಲ್ಲ, ಉದ್ಘಾಟನೆಯ ಕಲ್ಲೂ ಬೇಕಿಲ್ಲ. ಆದರೆ ಕಟ್ಟೆ ಕಟ್ಟುವುದರಲ್ಲೂ ತಪ್ಪಾಗುತ್ತದೆ. ಆ ತಪ್ಪುಗಳನ್ನು ಮೊದಲೇ ಹೇಳಿಬಿಡುತ್ತೇವೆ.

ನಮ್ಮ ಸೀಮೆಯ ಹಳೆಯ ಕಟ್ಟೆಗಳು ಎರಡೂವರೆ, ಮೂರು ಅಡಿ ಎತ್ತರ. ಜಿಗಿದು ಕೂತು ಕಾಲು ಅಲ್ಲಾಡಿಸುವ ಹುಡುಗರಿಗೆ ಅದು ಸರಿ. ಮೊಣಕಾಲು ನೋವಿನವರಿಗೆ ಅದು ಗೋಡೆ. ಕೂಡುವ ಮಟ್ಟ ನೆಲದಿಂದ 17 ಇಂಚು ಇರಲಿ, ಹೆಚ್ಚೆಂದರೆ 18. ಇದಕ್ಕಿಂತ ತಗ್ಗಾದರೆ ಕೂಡಬಹುದು, ಏಳಲಾಗದು. ಒಳಗಲ 16ರಿಂದ 18 ಇಂಚು ಸಾಕು. ಎರಡು ಅಡಿ ಮಾಡಿದರೆ ಬೆನ್ನು ಒರಗಲು ಹಿಂದೆ ಸರಿದವರ ಪಾದ ನೆಲ ಬಿಡುತ್ತದೆ, ಅರ್ಧ ತಾಸಿಗೆ ಕಾಲು ಜೋಮು ಹಿಡಿಯುತ್ತದೆ. ಪ್ರತಿ ಎರಡು ಆಸನಕ್ಕೊಂದು ಕೈ ಊರುವ ಆಸರೆ ಬೇಕು: ಒಂದೂವರೆ ಇಂಚಿನ ಪೈಪು, ಕೂಡುವ ಮಟ್ಟದಿಂದ 8 ಇಂಚು ಮೇಲೆ. ಪೈಪು ಇದಕ್ಕಿಂತ ದಪ್ಪವಾದರೆ ಸಂಧಿವಾತದ ಬೆರಳು ಅದನ್ನು ಸುತ್ತಿ ಹಿಡಿಯಲಾರದು. ಕಲ್ಲು ಒರಟಾಗಿರಲಿ. ಪಾಲಿಶ್ ಮಾಡಿದ ಇಳಕಲ್ ಗ್ರಾನೈಟು ನೋಡಲು ಚೆಂದ, ಆದರೆ ಮಳೆ ಬಿದ್ದರೆ ಜಾರುತ್ತದೆ. ಕಪ್ಪು ಕಡಪ ಕಲ್ಲನ್ನಂತೂ ಬಿಟ್ಟೇಬಿಡಿ, ಏಪ್ರಿಲಿನಲ್ಲಿ ಅದರ ಮೇಲೆ ಹಪ್ಪಳ ಒಣಗಿಸಬಹುದು, ಕೂಡಲಾಗದು.

ಉದ್ದಕ್ಕೆ ಒಂದೇ ಸಾಲು ಹಾಕಬೇಡಿ. ಸಾಲಾಗಿ ಕೂತವರು ಬಸ್ಸಿಗೆ ಕಾಯುವವರಂತೆ ರಸ್ತೆ ನೋಡುತ್ತಾರೆ, ಮಾತು ಹುಟ್ಟುವುದಿಲ್ಲ. ಕಿವಿ ಮಂದವಾದವರು ಅರ್ಧ ಮಾತನ್ನು ತುಟಿ ನೋಡಿ ಹಿಡಿಯುತ್ತಾರೆ, ಪಕ್ಕದವರ ತುಟಿ ಅವರಿಗೆ ಕಾಣುವುದಿಲ್ಲ. ಮೂರು ಬದಿ ಕಟ್ಟಿ, ಎದುರುಬದುರು ಐದಾರು ಅಡಿ ಅಂತರ ಇಡಿ. ತಲೆಗೆ ಎರಡು ಅಡಿಯಂತೆ 24 ಅಡಿ ಕಟ್ಟೆಗೆ 12 ಜನ. ಅಷ್ಟಕ್ಕಿಂತ ದೊಡ್ಡದಾದರೆ ಅದು ಸಭೆಯಾಗುತ್ತದೆ, ಸಭೆಗೆ ಅಧ್ಯಕ್ಷರು ಹುಟ್ಟಿಕೊಳ್ಳುತ್ತಾರೆ. ದೊಡ್ಡ ಊರಾದರೆ ಓಣಿಗೊಂದು ಚಿಕ್ಕ ಕಟ್ಟೆಯೇ ಲೇಸು.

ಜಾಗ ಯಾವುದು? ಜನ ಓಡಾಡುವ ದಾರಿ. ಹಾಲಿನ ಡೇರಿ, ಅಂಗನವಾಡಿ, ಬಸ್ಸು ನಿಲ್ಲುವ ಜಾಗ, ಇವುಗಳ ಹತ್ತಿರ ಎಲ್ಲಾದರೂ. ಹಿಟ್ಟಿನ ಗಿರಣಿ ಹತ್ತಿರವೂ ಆದೀತು, ಆದರೆ ಐವತ್ತು ಹೆಜ್ಜೆ ದೂರ ಇರಲಿ, ಇಲ್ಲವಾದರೆ ಗಿರಣಿ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ನಿಶ್ಶಬ್ದದ, ತಂಪಿನ, ಹೂಗಿಡದ ಪಾರ್ಕನ್ನು ಹಿರಿಯರಿಗೆಂದು ಊರಾಚೆ ಮಾಡುವವರ ಮನಸ್ಸು ಒಳ್ಳೆಯದೇ. ಆದರೆ ಮುದಿತನಕ್ಕೆ ನಿಶ್ಶಬ್ದ ಮನೆಯಲ್ಲೇ ಬೇಕಾದಷ್ಟಿದೆ. ಕಟ್ಟೆಗೆ ಬರುವುದು ಯಾರು ಬಂದರು, ಯಾರು ಹೋದರು, ಯಾರ ಎತ್ತು ಎಷ್ಟಕ್ಕೆ ಮಾರಿತು ಎಂದು ತಿಳಿಯಲು. ದಾರಿಯಲ್ಲಿ ನೂರು ಮೀಟರಿಗೊಂದು ಕೂಡುವ ಕಲ್ಲು ಹಾಕಿದರೆ ಹೃದಯದ ತೊಂದರೆಯವರೂ ಅಷ್ಟು ದೂರ ಬಂದಾರು.

ನೆರಳಿಗೆ ಬೇವು ಅಥವಾ ಹೊಂಗೆ. ಎರಡೂ ಚಳಿ ಮುಗಿಯುವಾಗ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಚಿಗುರಿ, ಬಿಸಿಲು ಏರುವಷ್ಟರಲ್ಲಿ ನೆರಳಾಗುತ್ತವೆ. ಸಂಜೆ ಐದರ ಬಿಸಿಲೇ ಹೆಚ್ಚು ಕಾಡುವುದು, ಆದ್ದರಿಂದ ಗಿಡ ಪಡುವಣಕ್ಕಿರಲಿ. ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಿ. ಮೊದಲ ಮೂರು ಬೇಸಿಗೆ ವಾರಕ್ಕೆರಡು ಸಲ ಒಂದೊಂದು ಕೊಡ ನೀರು ಹಾಕಿದರೆ ಆಮೇಲೆ ಅದು ತನ್ನ ಪಾಡು ನೋಡಿಕೊಳ್ಳುತ್ತದೆ. ಕಾಂಡದ ಸುತ್ತ ಮೂರಡಿ ಮಣ್ಣು ಬಿಡಿ. ಕಾಂಡಕ್ಕೆ ಒತ್ತಿ ಕಾಂಕ್ರೀಟು ಹಾಕಿದರೆ ಗಿಡ ಸೊರಗುತ್ತದೆ, ಸೊರಗದಿದ್ದರೆ ಬೇರು ಕಟ್ಟೆಯನ್ನು ಸೀಳುತ್ತದೆ. ಗಿಡ ನೆರಳಾಗುವವರೆಗೆ ತಗಡಿನ ಚಪ್ಪರವೇ ಗತಿ. ಬರೀ ತಗಡು ಕೆಳಗೆ ಕೂತವರನ್ನು ಬೇಯಿಸುತ್ತದೆ. ಮೇಲೆ ಒಂದು ಗೇಣು ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಹೊದಿಸಿ ಹಗ್ಗ ಬಿಗಿಯಿರಿ. ರವದಿಗೇನು ನಮ್ಮಲ್ಲಿ ಬರವಿಲ್ಲ, ಹೊಲದಲ್ಲೇ ಸುಡುತ್ತೇವೆ.

ಶೌಚಾಲಯದ ಮಾತು ಸಂಕೋಚ ಬಿಟ್ಟು ಆಡಬೇಕು. ನೂರು ಹೆಜ್ಜೆಯೊಳಗೆ ಅದಿಲ್ಲದಿದ್ದರೆ ಹೆಂಗಸರು ಬರುವುದಿಲ್ಲ, ಬಂದವರು ನೀರು ಕುಡಿಯುವುದಿಲ್ಲ. ನೀರು ಕುಡಿಯದೆ ಉರಿಮೂತ್ರ, ಉರಿಮೂತ್ರಕ್ಕೆ ಹೆದರಿ ಮತ್ತೆ ಮನೆ. ಕೂಡುವ ಕಮೋಡು, ಗೋಡೆಗೆ ಹಿಡಿಕೆ, ಕಾಲಿಟ್ಟರೆ ಜಾರದ ನೆಲ. ಬಾಗಿಲು ಮಾತ್ರ ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಾದರೆ, ಯಾರಾದರೂ ಬಿದ್ದಾಗ ಅವರ ದೇಹವೇ ಅದಕ್ಕೆ ಅಗಳಿಯಾಗುತ್ತದೆ. ಕುಡಿಯುವ ನೀರಿನ ಗಡಿಗೆ ಸೊಂಟದ ಮಟ್ಟಕ್ಕಿರಲಿ, ನಳ ಕೂಡಿಸಿದ್ದಿರಲಿ. ಬಗ್ಗಿ ತುಂಬಿಕೊಳ್ಳುವಾಗಲೇ ತಲೆ ತಿರುಗಿ ಬೀಳುವುದು.

ಇನ್ನು ಒಂದು ಮಾತನ್ನು ಮುಚ್ಚಿಡಬಾರದು. ಹಳೆಯ ಕಟ್ಟೆ ಎಲ್ಲರದಾಗಿರಲಿಲ್ಲ. ಊರಬಾಗಿಲ ಅಗಸಿಯ ಕಟ್ಟೆ ಏರದೆ ನೆಲಕ್ಕೆ ಕೂತವರಿದ್ದರು, ಮುಂದೆ ಹಾಯುವಾಗ ಸೆರಗು ತಲೆಗೆಳೆದು ಸರಸರ ನಡೆದ ಹೆಂಗಸರಿದ್ದರು. ಹೊಸ ಊರಿನಲ್ಲಿ ಅದನ್ನೇ ಮತ್ತೆ ಕಟ್ಟುವುದಾದರೆ ಈ ಪತ್ರ ಹರಿದುಹಾಕಿ. ಒಂದು ಸಮಾಜದ ಗುಡಿಗೆ ಅಂಟಿಸದೆ ಪಂಚಾಯಿತಿಯ ಜಾಗದಲ್ಲಿ ಕಟ್ಟಿ. ಹೆಂಗಸರು ಗಂಡಸರ ಕಟ್ಟೆಗೇ ಬರಲಿ ಎಂದು ಕಾಯುವುದೂ ಬೇಡ. ಅವರಿಗೆ ಬೇರೆ ವೇಳೆ, ಬೇರೆ ಜಾಗ, ಕೈಗೊಂದು ಕೆಲಸ ಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು, ಯಾರದಾದರೂ ಪಡಸಾಲೆ ಅಥವಾ ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರದ ಜಗಲಿ. ಸುಮ್ಮನೆ ಕೂಡ್ರಿ ಎಂದರೆ ನಮ್ಮ ಕಡೆಯ ಅಜ್ಜಿಯರು ಕೂಡುವುದಿಲ್ಲ, 'ಏನ್ ಕೆಲಸ ಇಲ್ಲೇನ ನಮಗ?' ಎನ್ನುತ್ತಾರೆ. ಶೇಂಗಾ ಸುಲಿಯುವುದು, ಹುಣಸೆ ಬೀಜ ಬಿಡಿಸುವುದು, ಕೌದಿ ಹೊಲಿಯುವುದು ಇದ್ದರೆ ಬರುತ್ತಾರೆ.

ಕೌದಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಾಲ್ವರು ಒಟ್ಟಿಗೆ ಮಾಡಬಹುದಾದ, ಬಾಯಿಯನ್ನು ಮಾತಿಗೆ ಬಿಟ್ಟು ಕೈಗೆ ಕೆಲಸ ಕೊಡುವ ಇಂಥ ಕಸುಬು ಇನ್ನೊಂದಿಲ್ಲ. ಒಂದು ಕೌದಿಗೆ ಐದಾರು ಹಳೆ ಸೀರೆ. ಹತ್ತಿ ಸೀರೆಗಳನ್ನು ಮೊದಲೇ ಎರಡು ಸಲ ಒಗೆದು ಒಣಗಿಸಬೇಕು. ಹತ್ತಿಯ ಪದರ, ಪಾಲಿಯೆಸ್ಟರ್ ಪದರ ಕೂಡಿಸಿ ಹೊಲಿದರೆ ಮೊದಲ ಒಗೆತಕ್ಕೆ ಹತ್ತಿ ಕುಗ್ಗಿ ಕೌದಿ ಅಲ್ಲಲ್ಲಿ ಉಬ್ಬುತ್ತದೆ. ಪದರ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಗೇಣಿಗೊಂದರಂತೆ ದೊಡ್ಡ ಹೊಲಿಗೆ ಹಾಕಿ ಹಿಡಿದು, ಆಮೇಲೆ ಅಂಚಿನಿಂದ ಒಳಕ್ಕೆ ಬೆರಳಗಲಕ್ಕೊಂದು ಸಾಲು. ನೆಲಕ್ಕೆ ಕೂತು ಹೊಲಿಯಲಾಗದವರಿಗೆ ಕೌದಿಯನ್ನು ಹೊರಸಿನ ಮೇಲೆ ಹರಡಿ, ಎರಡೂ ಬದಿಗೆ ಖುರ್ಚಿ ಹಾಕಿ.

ಇಷ್ಟೆಲ್ಲ ಇದ್ದರೂ ಕೆಲಸ ನಿಲ್ಲುವುದು ಸೂಜಿಯ ಕಣ್ಣಿನಲ್ಲಿ. ಕೈ ಇನ್ನೂ ನೆಟ್ಟಗೆ ಹೊಲಿಯುತ್ತದೆ, ಕಣ್ಣು ದಾರ ಪೋಣಿಸಲಾರದು. ಪ್ರತಿ ಸಲ ಸೊಸೆಯನ್ನೋ ಮೊಮ್ಮಗಳನ್ನೋ ಕೂಗಬೇಕು. ಮೂರನೇ ಸಲ ಕೂಗಲು ಮನಸ್ಸು ಬಾರದೆ ಸೂಜಿಯನ್ನು ಸೆರಗಿಗೆ ಸಿಕ್ಕಿಸಿ ಸುಮ್ಮನಾಗುತ್ತಾರೆ. ಒಂದು ತೋಳುದ್ದದ ದಾರ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ನಾಲ್ವರಿಗೆ ಎರಡು ತಾಸಿಗೆ ಎರಡು ಡಜನ್ ಸೂಜಿ ಬೇಕು. ಶಾಲೆಯ ಇಬ್ಬರು ಹುಡುಗರು ಊಟದ ಬಿಡುವಿನಲ್ಲಿ ಹತ್ತು ನಿಮಿಷ ಕೂತರೆ 24 ಸೂಜಿ ಪೋಣಿಸಿಟ್ಟು ಹೋಗುತ್ತಾರೆ. ದಾರ ತೋಳಿಗಿಂತ ಉದ್ದ ಬೇಡ, ಗಂಟು ಬೀಳುತ್ತದೆ. ಪೋಣಿಸಿದ ಸೂಜಿಯನ್ನು ಹಳೆ ಬಟ್ಟೆಯ ಉಂಡೆಗೆ ಚುಚ್ಚಿ, ದಾರವನ್ನು ಆ ಸೂಜಿಗೇ ಎಂಟರ ಆಕಾರದಲ್ಲಿ ಸುತ್ತಿಡಬೇಕು. ಇಳಿಬಿಟ್ಟರೆ ಇಪ್ಪತ್ನಾಲ್ಕೂ ದಾರ ಒಂದೇ ಜಟೆಯಾಗುತ್ತವೆ. ಸಂಜೆ ಎಣಿಸಿ 24 ವಾಪಸು ಬಂದವೇ ನೋಡಲೇಬೇಕು, ಕೌದಿಯಲ್ಲಿ ಉಳಿದ ಸೂಜಿ ಕೂಸಿಗೆ ಚುಚ್ಚೀತು. ಇದಕ್ಕೆ ಯೋಜನೆ, ಅನುದಾನ, ಮಂಜೂರಾತಿ ಏನೂ ಬೇಡ. ಮುಖ್ಯೋಪಾಧ್ಯಾಯರು ಹೂಂ ಎಂದರೆ ಸಾಕು.

ಕಟ್ಟೆಯ ನಿಜವಾದ ಲಾಭ ಬಂದವರಿಗಿಂತ ಬಾರದವರಿಗೆ. ದೀಪಾವಳಿ ಮುಗಿಯುತ್ತಲೇ ದುಡಿಯುವ ಮಕ್ಕಳು ಗೋವೆಗೆ, ಪುಣೆಗೆ, ಮಂಗಳೂರಿಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಉಳಿಯುವುದು ಒಂದು ಮುದಿಜೀವ, ಒಂದು ಎಮ್ಮೆ. ಬಿದ್ದರೆ ಕೇಳುವವರಿಲ್ಲ. ಆದ್ದರಿಂದ ಮೂವರಂತೆ ಗುಂಪು ಮಾಡಿ. ಬೆಳಿಗ್ಗೆ ಒಂಬತ್ತರೊಳಗೆ ಒಬ್ಬರು ಕಾಣದಿದ್ದರೆ ಉಳಿದಿಬ್ಬರಲ್ಲಿ ಒಬ್ಬರು ಮನೆಗೆ ಹೋಗಿ ನೋಡಿ ಬರುವುದು. ಇಬ್ಬರ ಜೋಡಿ ಯಾಕೆ ಸಾಲದು ಎಂದರೆ, ಚಳಿಗಾಲದಲ್ಲಿ ಇಬ್ಬರಿಗೂ ಒಂದೇ ಸಲ ಜ್ವರ ಬರುತ್ತದೆ. ಮೂವರೂ ಒಂದೇ ಗೋಡೆಯ ನೆರೆಯವರಾಗಿದ್ದರೆ ಜಗಳವಾದ ದಿನ ವ್ಯವಸ್ಥೆ ಮುರಿಯುತ್ತದೆ, ಒಬ್ಬರು ಬೇರೆ ಓಣಿಯವರಿರಲಿ. ಪರ ಊರಿಗೆ ಹೋಗುವವರು ಹೇಳಿ ಹೋಗಬೇಕು. ಹೇಳದೆ ಮಗಳ ಮನೆಗೆ ಹೋದವರ ಬಾಗಿಲನ್ನು ಒಮ್ಮೆ ಒಡೆದರೆ ಮುಂದಿನ ಸಲ ಯಾರೂ ಬಾಗಿಲು ಬಡಿಯುವುದಿಲ್ಲ. ವಾಟ್ಸ್ಆ್ಯಪ್ ಗುಂಪು ಇದಕ್ಕೆ ಬದಲಲ್ಲ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಬಂದಿರುತ್ತದೆ, ಕಳಿಸಿದ್ದು ಮೊಮ್ಮಗ.

ಊಟದ ವಿಷಯದಲ್ಲಿ ಒಳ್ಳೆಯತನ ದಣಿದು ನಿಲ್ಲುವುದನ್ನು ಎಲ್ಲರೂ ಕಂಡಿದ್ದೀರಿ. ಒಬ್ಬರೇ ಇರುವ ಅಜ್ಜನಿಗೆ ಎದುರು ಮನೆಯವರು ದಿನಾ ರೊಟ್ಟಿ ಕಳಿಸುತ್ತಾರೆ, ಎರಡನೇ ತಿಂಗಳಿಗೆ ಬೇಸರ, ಮೂರನೆಯದಕ್ಕೆ ಮಾತು ಬಿಟ್ಟಿರುತ್ತಾರೆ. ಏಳು ಮನೆ ಕೂಡಿ ವಾರಕ್ಕೊಂದು ದಿನ ಹಂಚಿಕೊಂಡರೆ ಒಂದು ಮನೆಗೆ ಬೀಳುವುದು ವಾರಕ್ಕೆ ಎರಡು ರೊಟ್ಟಿ, ಒಂದು ವಾಟಿ ಪಲ್ಯ. ಅದು ವರ್ಷಗಟ್ಟಲೆ ನಡೆಯುತ್ತದೆ. ಹಲ್ಲಿಲ್ಲದವರಿಗೆ ಖಡಕ್ ರೊಟ್ಟಿ ಕಳಿಸಬೇಡಿ. ಬಿಸಿ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ಕೊಡಿ, ಇಲ್ಲವೇ ನುಚ್ಚು. ಸಕ್ಕರೆ ಕಾಯಿಲೆಯವರಿಗೆ ಹಬ್ಬದ ದಿನ ನಾಲ್ಕು ಮನೆಯಿಂದ ನಾಲ್ಕು ಹೋಳಿಗೆ ಬಂದರೆ ಅವರು ಒಂದನ್ನೂ ಬಿಡುವುದಿಲ್ಲ, ಮನುಷ್ಯರಲ್ಲವೇ. ಮನೆಗಳು ಮೊದಲೇ ಮಾತಾಡಿಕೊಳ್ಳಲಿ. ಮತ್ತೆ, ಡಬ್ಬಿ ಖಾಲಿ ವಾಪಸು ಬರುವುದಿಲ್ಲ ಎಂಬುದು ನಮ್ಮ ರೂಢಿ. ಸುಲಿದ ಬಳ್ಳುಳ್ಳಿ, ಹಿಡಿ ಕರಿಬೇವು, ಆರಿಸಿದ ಅಕ್ಕಿ, ಅಜ್ಜ ಏನೋ ಒಂದು ಹಾಕಿ ಕಳಿಸುತ್ತಾರೆ. 'ಬ್ಯಾಡ್ರಿ ಅಜ್ಜಾ, ಯಾಕ ತೊಂದ್ರಿ' ಎಂದು ತಿರುಗಿಸಬೇಡಿ. ತಿರುಗಿಸಿದ ದಿನದಿಂದ ಅದು ಭಿಕ್ಷೆಯಾಗುತ್ತದೆ. ಬೇಕಾದರೆ ಹಿಂದಿನ ದಿನವೇ ಬಳ್ಳುಳ್ಳಿ ಕೊಟ್ಟು 'ಸುಲಿದು ಕೊಡ್ರಿ' ಎಂದು ಕೇಳಿ, ಅವರಿಗೆ ಅದು ಇನ್ನೂ ಹಿತ.

ಸಾವಿನ ಮನೆಗೆ ಬುತ್ತಿ ಒಯ್ಯುವುದನ್ನು ಯಾರಿಗೂ ಕಲಿಸಬೇಕಿಲ್ಲ. ಆದರೆ ಎಲ್ಲ ಬುತ್ತಿಯೂ ಮೊದಲ ಹತ್ತು ದಿನದಲ್ಲೇ ಬರುತ್ತದೆ, ಅರ್ಧ ದನಕ್ಕೆ ಹೋಗುತ್ತದೆ. ಒಂದು ಬುತ್ತಿಯನ್ನು ಮೂರನೇ ತಿಂಗಳಿಗೆ ಉಳಿಸಿಕೊಳ್ಳಿ. ಮಕ್ಕಳು ವಾಪಸು ಹೋಗಿ, ಮನೆ ಸದ್ದಿಲ್ಲದೆ ಬಿದ್ದಿರುವಾಗ.

ಪಿಂಚಣಿಯ ದಿನ ಜೊತೆಗೆ ಹೋಗುವುದೂ ಒಂದು ದೊಡ್ಡ ಉಪಕಾರ, ಸರಿಯಾಗಿ ಮಾಡಿದರೆ. ಸರ್ಕಾರದ ವೃದ್ಧಾಪ್ಯ ಪಿಂಚಣಿ ಸಂಧ್ಯಾ ಸುರಕ್ಷಾದ 1,200 ರೂಪಾಯಿ ತೆಗೆಯಲು ಹೋದಾಗ ಬೆರಳಚ್ಚು ಹತ್ತುವುದಿಲ್ಲ. ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೇಕಾರರ, ಹೊಲದಲ್ಲಿ ದುಡಿದವರ ಬೆರಳಿನ ಗೆರೆ ಸವೆದಿರುತ್ತದೆ, ಒಣಗಿದ ಚರ್ಮವನ್ನು ಯಂತ್ರ ಓದುವುದಿಲ್ಲ. ಕೈ ತೊಳೆದು ಒರೆಸಿ, ತುಸು ಪಸೆ ಇರುವಾಗಲೇ ಒತ್ತಬೇಕು. ಯಂತ್ರದ ಗಾಜು ಒರೆಸಬೇಕು. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತೂ ಬೆರಳು ಪ್ರಯತ್ನಿಸಿ. ಯಾವುದೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಬೇಕು. ಹಣವೇ ಬಂದಿಲ್ಲ ಎಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಇತ್ತೀಚೆಗೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದಿರೇನು? ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಖಾತೆಗೇ ಹಣ ಹೋಗುತ್ತದೆ. ಹಳೆ ಪಾಸ್‌ಬುಕ್ ಹಿಡಿದು ಆರು ತಿಂಗಳು ಅಲೆದವರ ಹಣ ಹೊಸ ಖಾತೆಯಲ್ಲಿ ಕೂತಿರುತ್ತದೆ. ಜೊತೆಗೆ ಹೋದವರು ಹಣ ಎಣಿಸಬಾರದು, ಅವರು ಎಣಿಸುವುದನ್ನು ನೋಡಬೇಕು. ಪಿನ್ ನಂಬರು ಕೇಳಲೇಬಾರದು.

ಮನೆಯವರೇ ಹೊರಹಾಕಿದ, ಹೊಡೆದ ಪ್ರಕರಣಗಳಿಗೆ 2007ರ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕಲ್ಯಾಣ ಕಾಯ್ದೆ ಇದೆ. ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು. ಆಸ್ತಿ ಬರೆದುಕೊಡುವವರು ನೋಡಿಕೊಳ್ಳುವ ಷರತ್ತನ್ನು ದಾನಪತ್ರದಲ್ಲೇ ಬರೆಸಲಿ. ಸಹಾಯವಾಣಿಯ ನಂಬರನ್ನು ಕಟ್ಟೆಯ ಕಲ್ಲಿಗೆ ಅಂಗೈಯಗಲದ ಅಕ್ಷರದಲ್ಲಿ ಬರೆಸಿ, ಸಣ್ಣಕ್ಷರದ ಪೋಸ್ಟರು ಯಾರಿಗೂ ಕಾಣದು.

ಅಕ್ಟೋಬರ್ 1ರ ಹಿರಿಯರ ದಿನಕ್ಕೆ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದಕ್ಕೆ ನಮ್ಮ ತಕರಾರಿಲ್ಲ. ಶಾಲು ಬೆಚ್ಚಗಿರುತ್ತದೆ. ಆ ದಿನದ ಭಾಷಣಕ್ಕೆ ಮೈಕಿನ ಸದ್ದು ಮಾತ್ರ ಇಳಿಸಿ. ವಯಸ್ಸಾದ ಕಿವಿ ಕಳೆದುಕೊಳ್ಳುವುದು ತೆಳು ಸ್ವರಗಳನ್ನು, ಜೋರಾದರೆ ಅದಕ್ಕೆ ನೋವಾಗುತ್ತದೆಯೇ ಹೊರತು ತಿಳಿಯುವುದಿಲ್ಲ. ಮೂರು ಅಡಿ ಹತ್ತಿರ, ಮುಖ ತೋರಿಸಿ, ನಿಧಾನಕ್ಕೆ ಹೇಳಿದರೆ ಕೂಗುವುದೇ ಬೇಡ.

ಈಗ ಪುನರ್ವಸತಿ ಅಧಿಕಾರಿಗಳಿಗೆ ನೇರವಾಗಿ ಮೂರು ಬೇಡಿಕೆ. ನಿವೇಶನ ಹಂಚುವಾಗ ಹಳೆಯ ಓಣಿಯ ಮನೆಗಳು ಒಟ್ಟಾಗಿ ಅರ್ಜಿ ಕೊಡಲು ಬಿಡಿ, ಅಕ್ಕಪಕ್ಕದ ಜಾಗ ಕೊಡಿ. ಮೇಲೆ ಹೇಳಿದ ಮೂವರ ಗುಂಪು, ಏಳು ಮನೆಯ ರೊಟ್ಟಿ ಇವೆಲ್ಲ ಐವತ್ತು ವರ್ಷದ ಪರಿಚಯದ ಮೇಲೆ ನಿಂತಿವೆ. ಎಪ್ಪತ್ತರ ವಯಸ್ಸಿನಲ್ಲಿ ಹೊಸ ನೆರೆಯವರನ್ನು ಸಂಪಾದಿಸಲು ಅಷ್ಟು ವರ್ಷ ಕೈಯಲ್ಲಿಲ್ಲ. ಎರಡನೆಯದು, ಸರ್ವೆ ಮಾಡುವಾಗ ಹೊಸ ಊರಿನ ಜಮೀನಿನಲ್ಲಿರುವ ದೊಡ್ಡ ಬೇವು, ಹುಣಸೆ, ಆಲದ ಗಿಡಗಳನ್ನು ಮೊದಲು ನಕ್ಷೆಯಲ್ಲಿ ಗುರುತಿಸಿ, ರಸ್ತೆಯನ್ನು ಅವುಗಳ ಸುತ್ತ ತಿರುಗಿಸಿ. ಗಿಡ ಕಡಿದು ಸಮತಟ್ಟು ಮಾಡಿ ಮತ್ತೆ ಸಸಿ ನೆಟ್ಟರೆ, ನೆರಳು ಬರುವಷ್ಟರಲ್ಲಿ ಕೂಡಬೇಕಾದವರು ಇರುವುದಿಲ್ಲ.

ಮೂರನೆಯದು ಹಳೆಯ ಕಟ್ಟೆಯ ಕಲ್ಲು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಹಿನ್ನೀರಿನಿಂದ ಉಳಿಸಿಕೊಂಡ ನಾಡು ಇದು. ಕಟ್ಟೆಯ ಕಲ್ಲು ಸಾಗಿಸುವುದು ಅದರ ಮುಂದೆ ಎಷ್ಟರ ಕೆಲಸ? ನಾಲ್ಕಡಿ ಉದ್ದ, ಎರಡಡಿ ಅಗಲ, ಆರಿಂಚು ದಪ್ಪದ ಚಪ್ಪಡಿ ಸುಮಾರು 280 ಕಿಲೋ ತೂಗುತ್ತದೆ. ಒಂದು ಟ್ರ್ಯಾಕ್ಟರ್ ಟ್ರೇಲಿಗೆ ಹತ್ತು ಚಪ್ಪಡಿ. ಎಬ್ಬಿಸಲು ಹಾರೆ, ಉರುಳಿಸಲು ಮೂರು ಪೈಪು, ಆರು ಜನ, ಒಂದು ದಿನ. ಟ್ರೇಲಿಯಲ್ಲಿ ಹುಲ್ಲು ಹಾಸಿ, ಒಂದರ ಮೇಲೊಂದು ಮಲಗಿಸದೆ ಅಂಚಿಗೆ ನಿಲ್ಲಿಸಿ. ಮಲಗಿಸಿದರೆ ದಾರಿಯ ಕುಲುಕಿಗೆ ಅಡಿಯ ಕಲ್ಲು ಸೀಳುತ್ತದೆ. ಹೊಸ ಊರಿನಲ್ಲಿ ಅವನ್ನೇ 17 ಇಂಚಿನ ಮಟ್ಟಕ್ಕೆ ಕೂಡಿಸಿ, ಒಳಗಲ 18 ಇಂಚು ಉಳಿಯುವಂತೆ ಹಿಂದಿನ ಆರಿಂಚು ಒರಗುವ ಗೋಡೆಯಡಿ ಹೋಗಲಿ. ಕೀಳುವ ಮೊದಲು ಕಲ್ಲಿಗೆ ನಂಬರು ಬೇಕು, ಎಣ್ಣೆ ಬಣ್ಣದಲ್ಲಿ, ಗೋಡೆ ಕಡೆಯ ಮಗ್ಗುಲಿಗೆ. ಸುಣ್ಣದಲ್ಲಿ ಬರೆದರೆ ಒಂದೇ ಮಳೆಗೆ ಹೋಗುತ್ತದೆ. ನಂಬರು ಹಾಕುವ ಕೆಲಸಕ್ಕೆ ಎಂಜಿನಿಯರು ಬೇಡ, ಬಣ್ಣದ ಡಬ್ಬಿ ಹಿಡಿಯಲು ಒಬ್ಬ ಹುಡುಗನನ್ನು ಕೊಟ್ಟು ಕಟ್ಟೆಯ ಮೇಲಿರುವವರಿಗೇ ಬಿಡಿ. ಯಾವ ಕಲ್ಲಿನ ಪಕ್ಕ ಯಾವ ಕಲ್ಲು, ಯಾವುದರ ಮೇಲೆ ಯಾರು ಎಂಬುದು ಅವರಿಗೆ ಬಾಯಿಪಾಠ.

ಇತಿ,
ಬಾಗಲಕೋಟೆ ಜಿಲ್ಲೆಯ ಹಿನ್ನೀರ ಊರುಗಳಲ್ಲಿ ಹಿರಿಯರ ಜೊತೆ ಕೆಲಸ ಮಾಡುವವರು